ಹಬ್ಬದ ಆಸುಪಾಸಿನ ಫೋನು

2025ರ ಮಾರ್ಚ್ 30, ಭಾನುವಾರ ಯುಗಾದಿ. ಮರುದಿನ ವರ್ಷತೊಡಕು. ಅದೇ ದಿನ ರಂಜಾನ್ ಹಬ್ಬ, ಅದೇ ದಿನ ಹಣಕಾಸು ವರ್ಷದ ಕೊನೆಯೂ ಹೌದು. ಮಾರಾಟದ ಕೆಲಸದಲ್ಲಿರುವವರಿಗೆ ಇದಕ್ಕಿಂತ ಇಕ್ಕಟ್ಟಿನ ಎರಡು ದಿನ ಪಂಚಾಂಗದಲ್ಲಿ ಸಿಗುವುದು ಕಷ್ಟ. ಒಂದು ಕಡೆ "ಮೂವತ್ತೊಂದರ ಒಳಗೆ ಎಷ್ಟು ಬಿಲ್ ಮಾಡುತ್ತೀರಿ" ಎಂದು ಕಂಪನಿಯ ಒತ್ತಡ. ಇನ್ನೊಂದು ಕಡೆ ಗಿರಾಕಿಯ ಮನೆಯಲ್ಲಿ ಎಣ್ಣೆಸ್ನಾನ, ಬೇವು-ಬೆಲ್ಲ, ಪಂಚಾಂಗ ಶ್ರವಣ, ಹೋಳಿಗೆ. ವರ್ಷತೊಡಕಿನ ದಿನ ಏನು ನಡೆಯುತ್ತದೋ ವರ್ಷವಿಡೀ ಅದೇ ನಡೆಯುತ್ತದೆ ಎಂದು ನಂಬುವವರು ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ. ಅಂಥ ದಿನ ಬೆಳಗಾಗುತ್ತಲೇ ಕಿವಿಗೆ ಬಿದ್ದ ಮೊದಲ ಮಾತು "ಸಾರ್, ಬಾಕಿ ಮೊತ್ತ ಯಾವಾಗ ಕಟ್ಟುತ್ತೀರಿ" ಎಂಬುದಾದರೆ, ಆ ಮನೆಯಲ್ಲಿ ಆಮೇಲೆ ಅಂಗಡಿಯ ಹೆಸರು ಯಾವ ವಿಶೇಷಣಗಳೊಂದಿಗೆ ಬರುತ್ತದೆ ಎಂದು ನಾನು ಬರೆಯಬೇಕಾಗಿಲ್ಲ.

ನಾನಿರುವುದು ಶಿವಮೊಗ್ಗದಲ್ಲಿ, ತೋಟದ ಯಂತ್ರಗಳನ್ನು ಮಾರುವ ಅಂಗಡಿಯೊಂದರಲ್ಲಿ. ಅಡಿಕೆ ಸುಲಿಯುವ ಯಂತ್ರ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪು, ಕಳೆ ಕೊಚ್ಚುವ ಯಂತ್ರ, ಈಚಿನ ವರ್ಷಗಳಲ್ಲಿ ಕಾರ್ಬನ್ ಫೈಬರ್ ದೋಟಿ, ಅಂದರೆ ನೆಲದಲ್ಲಿ ನಿಂತೇ ಅಡಿಕೆ ಗೊನೆ ಕೊಯ್ಯುವ ಉದ್ದನೆಯ ಗಳು. ಗಿರಾಕಿಗಳು ಹೆಚ್ಚಾಗಿ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಬೆಳೆಗಾರರು. ಜೊತೆಗೆ ನಮ್ಮಿಂದ ಮಾಲು ಕೊಂಡು ಸಣ್ಣ ಊರುಗಳಲ್ಲಿ ಮಾರುವ ಅಂಗಡಿಯವರು. ಕೃಷಿ ಮೇಳದಲ್ಲಿ ಯಂತ್ರ ಓಡಿಸಿ ನೋಡಿ ಹೋದವರು, ಎಪಿಎಂಸಿಗೆ ಅಡಿಕೆ ತಂದ ದಿನ ಅಂಗಡಿಗೂ ಒಮ್ಮೆ ಇಣುಕಿ ದರ ಕೇಳಿ ಹೋದವರು, ಇವರಿಗೆಲ್ಲ ಮತ್ತೆ ಫೋನ್ ಮಾಡಿ "ಏನು ಯೋಚನೆ ಮಾಡಿದಿರಿ" ಎಂದು ಕೇಳುವುದು ನನ್ನ ಕೆಲಸದ ದೊಡ್ಡ ಪಾಲು. ಹಬ್ಬದ ದಿನ ವ್ಯಾಪಾರದ ಫೋನ್ ಮಾಡಬಾರದು ಎಂಬುದು ಹೇಳಿಕೊಡಬೇಕಾದ ವಿದ್ಯೆಯಲ್ಲ. ಮಲೆನಾಡಿನಲ್ಲಿ ಕಷ್ಟವಿರುವುದು ಬೇರೆ ಕಡೆ: ಯಾರ ಮನೆಗೆ ಹಬ್ಬ ಯಾವಾಗ ಬರುತ್ತದೆ, ಎಷ್ಟು ಹೊತ್ತಿಗೆ ಶುರುವಾಗಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದು ಗೋಡೆಯ ಕ್ಯಾಲೆಂಡರಿನ ಕೆಂಪು ಅಂಕಿಗಳನ್ನು ನೋಡಿದರೆ ತಿಳಿಯುವುದಿಲ್ಲ.

ಭೂಮಿ ಹುಣ್ಣಿಮೆಯನ್ನೇ ನೋಡಿ. ಆಶ್ವಯುಜ ಮಾಸದ ಹುಣ್ಣಿಮೆ. ರಾಜ್ಯದ ರಜಾಪಟ್ಟಿಯಲ್ಲಿ ಆ ದಿನ ವಾಲ್ಮೀಕಿ ಜಯಂತಿ ಎಂದಿರುತ್ತದೆ. ಹೊರರಾಜ್ಯದ ಕಂಪನಿಗಳ ಪಟ್ಟಿಯಲ್ಲಿ ಅದೂ ಇರುವುದಿಲ್ಲ. ಆದರೆ ಸೊರಬ, ಸಾಗರ, ಹೊಸನಗರದ ಮನೆಗಳಲ್ಲಿ ತೆನೆ ಕಟ್ಟುವ ಹೊತ್ತಿನ ಗದ್ದೆಗೆ, ಅಂದರೆ ತುಂಬು ಬಸುರಿ ಭೂಮಿಗೆ, ಬಯಕೆಯ ಊಟ ಬಡಿಸುವ ದಿನ ಅದು. ಇಲ್ಲಿನ ದೀವರ ಸಮುದಾಯದ ಮನೆಗಳ ಹೆಂಗಸರು ಎಷ್ಟೋ ದಿನ ಮೊದಲೇ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಿಂದ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ಹಿಂದಿನ ರಾತ್ರಿಯೆಲ್ಲ ಒಲೆ ಆರುವುದಿಲ್ಲ. ಬಗೆಬಗೆಯ ಸೊಪ್ಪು, ಕಡುಬು, ಪಲ್ಯಗಳೆಲ್ಲ ಆಗಬೇಕು, ಬೆಳಕು ಹರಿಯುವ ಮೊದಲು ಬುಟ್ಟಿ ಹೊತ್ತು ಗದ್ದೆಗೆ ಹೋಗಬೇಕು, ಭೂಮಿಗೆ ಎಡೆ ಬೀರಬೇಕು, ಎಲ್ಲರೂ ಅಲ್ಲೇ ಕೂತು ಉಣ್ಣಬೇಕು. ಬಿಸಿಲೇರುವ ಹೊತ್ತಿಗೆ ಮನೆಗೆ ಬಂದವರು ಕೈಕಾಲು ಚಾಚಿದರೆಂದರೆ ಮನೆಯಿಡೀ ನಿದ್ದೆ. ನಗರದ ಕಚೇರಿಯಲ್ಲಿ ಕೂತವರ ಲೆಕ್ಕದಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆ ಫೋನಿಗೆ ಬಲು ಒಳ್ಳೆಯ ಹೊತ್ತು. ಆ ದಿನ ಆ ಮನೆಗೆ ಅದು ನಡುರಾತ್ರಿ.

ಒಮ್ಮೆ ಹೀಗೇ ಆಯಿತು. ಯಂತ್ರ ತಯಾರಿಸುವ ಕಂಪನಿಯೊಂದಕ್ಕೆ ಅಂಗಡಿಗಳಿಂದ ಹೋದ ವಿಚಾರಣೆಯ ಪಟ್ಟಿಯನ್ನು ಇಟ್ಟುಕೊಂಡು ಅವರ ಕಡೆಯ ಹುಡುಗಿಯೊಬ್ಬಳು ನೇರವಾಗಿ ಸೊರಬದ ಕಡೆಯ ಮನೆಗೆ ಫೋನ್ ಮಾಡಿದಳು. ಎತ್ತಲಿಲ್ಲ, ಮತ್ತೆ ಮಾಡಿದಳು. ರಾತ್ರಿಯಿಡೀ ಒಲೆಯ ಮುಂದೆ ಕೂತಿದ್ದ ಆ ಮನೆಯ ಅಜ್ಜಿ ಕೊನೆಗೆ ಎದ್ದು ಬಂದು ಎತ್ತಿದರು. "ಮೇಡಂ, ನಿರ್ಧಾರ ಮಾಡಿದಿರಾ?" "ಯಾವ ನಿರ್ಧಾರ ತಂಗಿ? ಯಾರ ಮನೆಯವಳು ನೀನು?" ಮೊಮ್ಮಗಳಿಗೆ ಎಲ್ಲೋ ಗಂಡು ನೋಡಿದ್ದಾರೆ, ಆ ಕಡೆಯವರು ಕೇಳುತ್ತಿದ್ದಾರೆ ಎಂದು ಅಜ್ಜಿ ತಿಳಿದರಂತೆ. ಮುಂದಿನ ವಾರ ಅಂಗಡಿಗೆ ಬಂದ ಮಗ ಇದನ್ನು ನಗುತ್ತಲೇ ಹೇಳಿದರು. ಹೊರಡುವಾಗ ಮಾತ್ರ, "ನಂಬರ್ ಕೊಟ್ಟಿದ್ದು ನಿಮಗೆ, ಅವರಿಗಲ್ಲ" ಎಂದರು. ಯಂತ್ರ ನಮ್ಮಲ್ಲೇ ಕೊಂಡರು, ಬೇರೆ ಕಂಪನಿಯದನ್ನು.

ಆ ಹುಡುಗಿಯ ತಪ್ಪು ಅಷ್ಟೇನೂ ಇಲ್ಲ. ಇಂಥ ಕಂಪನಿಗಳಲ್ಲಿ ಯಾರಿಗೆ ಯಾವಾಗ ಫೋನ್ ಮಾಡಬೇಕೆಂದು ತೀರ್ಮಾನಿಸುವುದು ತಂತ್ರಾಂಶ. ವಿಚಾರಿಸಿದ ಮೂರನೆಯ ದಿನ ಒಂದು, ಏಳನೆಯ ದಿನ ಇನ್ನೊಂದು, ಹದಿನಾಲ್ಕನೆಯ ದಿನ ಮತ್ತೊಂದು. ಬೆಳಿಗ್ಗೆ ಪರದೆಯ ಮೇಲೆ ಹೆಸರುಗಳು ಕೆಂಪಾಗಿ ಬಂದು ಕೂರುತ್ತವೆ, ಸಂಜೆಯೊಳಗೆ ಹಸಿರಾಗಬೇಕು. ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆ ಜಾತ್ರೆ, ತುಂಗೆಯಲ್ಲಿ ತೆಪ್ಪೋತ್ಸವ ಎಂದು ಅದಕ್ಕೆ ಯಾರು ಹೇಳಬೇಕು? ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುವಂಥದ್ದು. ಆ ದಿನಗಳಲ್ಲಿ ಪೇಟೆಯ ಪ್ರತಿ ಮನೆಯಲ್ಲೂ ಪಂಕ್ತಿ ಪಂಕ್ತಿಯಾಗಿ ನೆಂಟರು ಉಣ್ಣುತ್ತಿರುತ್ತಾರೆ. ಮೂರು ವರ್ಷ ಕಾದು ಬಂದ ಜಾತ್ರೆಯ ನಡುವೆ ಕಳೆ ಕೊಚ್ಚುವ ಯಂತ್ರದ ಇ.ಎಂ.ಐ. ಬಗ್ಗೆ ಮಾತಾಡುವ ತಾಳ್ಮೆ ಯಾರಿಗಿದ್ದೀತು?

ಹಬ್ಬದ ದಿನದ ಮನೆಯ ಫೋನಿಗೆ ಇನ್ನೊಂದು ಕಥೆಯಿದೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗುವುದು ಒಂದೇ ಜಾಗದಲ್ಲಿ. ಜಗಲಿಯ ಕಿಟಕಿಯ ಮೂಲೆ, ಕೊಟ್ಟಿಗೆಯ ಹಿಂದಿನ ದಿಬ್ಬ, ಅಂಗಳದ ತುದಿಯ ಹಲಸಿನ ಬುಡ. ಹಬ್ಬದ ದಿನ ಫೋನನ್ನು ಆ ಮೂಲೆಯಲ್ಲೇ ಇಟ್ಟಿರುತ್ತಾರೆ, ಬೆಂಗಳೂರಿನ ಮಗನೋ ಊರಿಗೆ ಬರಲಾಗದ ಮಗಳೋ ಮಾಡುತ್ತಾರೆಂದು. ರಿಂಗಾದರೆ ಅಡುಗೆಮನೆಯಿಂದ ಒಬ್ಬರು, ದೇವರಮನೆಯಿಂದ ಒಬ್ಬರು ಓಡಿ ಬರುತ್ತಾರೆ. ಸೆರಗಿಗೆ ಕೈ ಒರೆಸಿಕೊಂಡು ಎತ್ತಿದರೆ ಆ ಕಡೆ ನಾವು. ನಾವು ಎಷ್ಟೇ ನಯವಾಗಿ "ನಮಸ್ಕಾರ ಅಮ್ಮಾ, ಹಬ್ಬದ ಶುಭಾಶಯಗಳು" ಎಂದರೂ ಅವರ ದನಿ ಒಂದು ಮೆಟ್ಟಿಲು ಕೆಳಗಿಳಿದದ್ದು ಕೇಳಿಸುತ್ತದೆ.

ಶುಭಾಶಯದ ಮಾತು ಬಂತಲ್ಲ, ನನಗೆ ಹಬ್ಬದ ದಿನದ ಫೋನಿಗಿಂತ ಹೆಚ್ಚು ಸಿಟ್ಟು ಬರುವುದು ಶುಭಾಶಯದ ಹೊಟ್ಟೆಯೊಳಗೆ ಕೊಟೇಶನ್ ಇಟ್ಟು ಕಳಿಸುವವರ ಮೇಲೆ. ಮೇಲೆ ಹಣತೆ, ನಡುವೆ ಲಕ್ಷ್ಮಿ, ಕೆಳಗೆ ಅಂಗಡಿಯ ನಂಬರು; ಇಷ್ಟಾದರೆ ಸಹಿಸಬಹುದು. ಅರ್ಧ ಗಂಟೆ ಬಿಟ್ಟು "ಸಾರ್, ನಮ್ಮ ಸಂದೇಶ ನೋಡಿದಿರಾ? ಆ ಪಂಪಿನ ವಿಷಯ ಏನಾಯಿತು?" ಎಂದು ಇನ್ನೊಂದು ಬರುತ್ತದಲ್ಲ, ಅಲ್ಲಿಗೆ ಹಣತೆಯ ಎಣ್ಣೆ ಯಾರದ್ದೆಂದು ಗೊತ್ತಾಗುತ್ತದೆ. ಹಾರೈಸುವುದಾದರೆ ಹಾರೈಸಬೇಕು, ಮಾರುವುದಾದರೆ ಮಾರಬೇಕು. ನಮ್ಮ ಅಂಗಡಿಯಲ್ಲಿ ಹಬ್ಬದ ಸಂದೇಶ ಹೋದ ನಂಬರಿಗೆ ಮೂರು ದಿನ ವ್ಯಾಪಾರದ ಫೋನ್ ಹೋಗಬಾರದೆಂದು ಇಟ್ಟುಕೊಂಡಿದ್ದೇವೆ. ಮಾಲೀಕರಿಗೆ ಇದು ಮೊದಮೊದಲು ಒಗ್ಗಲಿಲ್ಲ. ಈಗ ಅವರೇ ಬೇರೆಯವರಿಗೆ ಹೇಳುತ್ತಾರೆ.

ಹಾಗೆಂದು ಹಬ್ಬ ಹತ್ತಿರ ಬಂತೆಂದರೆ ಬಾಯಿ ಮುಚ್ಚಿ ಕೂರಬೇಕೆಂದಲ್ಲ. ಕೆಲವು ಫೋನುಗಳು ಹಬ್ಬದ ಮುಂಚೆಯೇ ಹೋಗಬೇಕು, ಹೋಗದಿದ್ದರೆ ಗಿರಾಕಿಯೇ ಬೇಸರ ಮಾಡಿಕೊಳ್ಳುತ್ತಾರೆ. ಆಯುಧಪೂಜೆ ಅಂಥದ್ದು. ಹೊಸ ಯಂತ್ರ ತೆಗೆದುಕೊಳ್ಳುವ ಮನಸ್ಸಿರುವವರಿಗೆ ಅದು ಪೂಜೆಯ ದಿನ ಅಂಗಳದಲ್ಲಿ ಇರಬೇಕೆಂಬ ಆಸೆ ಇರುತ್ತದೆ. ವಾರ ಹತ್ತು ದಿನ ಮೊದಲೇ "ಗೌಡರೇ, ಪೂಜೆಗೆ ಮನೆಯಲ್ಲಿ ಇರಬೇಕು ಎಂದಿದ್ದರೆ ಈಗಲೇ ಹೇಳಿ, ಗಾಡಿ ಹೊಂದಿಸುತ್ತೇನೆ" ಎಂದರೆ ಅದು ಒತ್ತಾಯವಲ್ಲ, ಉಪಕಾರ. ಅದೇ ಮಾತನ್ನು ಹಿಂದಿನ ದಿನ ಹೇಳಿದರೆ ಕುತ್ತಿಗೆಗೆ ಕೂತಂತೆ.

ಅಂಗಡಿಯವರ ವಿಷಯದಲ್ಲಿ ಲೆಕ್ಕ ತಿರುಗಿಯೇ ಬಿಡುತ್ತದೆ. ದೀಪಾವಳಿಗೆ ಹೊಸ ಪುಸ್ತಕ ಪೂಜೆ ಮಾಡುವ ವ್ಯಾಪಾರಿಗಳಿಗೆ ಹಳೆಯ ಬಾಕಿ ಉಳಿಸಿಕೊಂಡು ಪುಸ್ತಕ ತೆರೆಯುವುದು ಇಷ್ಟವಿರುವುದಿಲ್ಲ. ಅವರಿಗೆ ಹಬ್ಬದ ಮುಂಚಿನ ವಾರ ಫೋನ್ ಮಾಡಿ ಲೆಕ್ಕ ಕೇಳಿದರೆ ಬೇಸರವಿಲ್ಲ, ಕೇಳದಿದ್ದರೆ "ಮರೆತಿರಾ ಹೇಗೆ" ಎಂದು ಅವರೇ ಕೇಳುತ್ತಾರೆ. ಆದರೆ ಪೂಜೆಯ ದಿನ ಸಂಜೆ ಯಾವ ಅಂಗಡಿಯಿಂದಲೂ ದುಡ್ಡು ಹೊರಗೆ ಹೋಗುವುದಿಲ್ಲ. ಮಂಗಳವಾರ, ಶುಕ್ರವಾರ ದೀಪ ಹಚ್ಚಿದ ಮೇಲೆ ಮನೆಗಳಲ್ಲೂ ಹಾಗೇ. ಈಗ ದುಡ್ಡು ಹೋಗುವುದು ಮೊಬೈಲಿನಲ್ಲಿ, ಪೆಟ್ಟಿಗೆ ತೆರೆಯುವ ಪ್ರಶ್ನೆಯೇ ಇಲ್ಲವಲ್ಲ ಎಂದು ನಮ್ಮ ಅಂಗಡಿಯ ಹುಡುಗ ವಾದಿಸುತ್ತಾನೆ. ವಾದ ಸರಿ. ಆದರೂ ಶುಕ್ರವಾರ ಸಂಜೆ ಕೇಳಿದ ಬಾಕಿ ಶನಿವಾರ ಬೆಳಿಗ್ಗೆಯೇ ಬರುತ್ತದೆ; ಹಾಗಿದ್ದಮೇಲೆ ಶನಿವಾರವೇ ಕೇಳಿದರೆ ಏನು ಕಳೆದುಹೋಯಿತು? ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ, ಅದನ್ನು ದಾಟಿಸಿ ಮಾಡಿದರೆ ಇನ್ನೂ ಕ್ಷೇಮ. ನನಗೆ ರಾಹುವಿನಲ್ಲಿ ನಂಬಿಕೆಯಿದೆಯೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ, ದುಡ್ಡು ಕೊಡುವವರು ನಾನಲ್ಲ.

ರಂಜಾನ್ ತಿಂಗಳಲ್ಲಿ ನಮ್ಮ ವೆಲ್ಡಿಂಗ್ ಶೆಡ್ಡಿನವರಿಗೂ ಬಿಡಿಭಾಗದ ಅಂಗಡಿಯವರಿಗೂ ಬೆಳಿಗ್ಗೆ ಹನ್ನೊಂದರ ಆಸುಪಾಸಿನಲ್ಲಿ ಮಾತಾಡಿ ಮುಗಿಸಿಕೊಳ್ಳುತ್ತೇನೆ. ಸಂಜೆ ಉಪವಾಸ ಬಿಡುವ ಹೊತ್ತಿಗೆ ಯಾರಿಗೂ ಫೋನ್ ಬೇಡ. ಇದರಲ್ಲಿ ದೊಡ್ಡ ಸೂಕ್ಷ್ಮವೇನಿಲ್ಲ, ಹಸಿದವರನ್ನು ತಟ್ಟೆಯ ಮುಂದಿನಿಂದ ಎಬ್ಬಿಸಬಾರದು ಅಷ್ಟೆ.

ಇನ್ನು "ಹಬ್ಬ ಕಳೆಯಲಿ, ನೋಡೋಣ" ಎನ್ನುವವರು. ನಮ್ಮ ವಿಚಾರಣೆ ಪುಸ್ತಕದಲ್ಲಿ ಅತಿ ಹೆಚ್ಚು ಸಲ ಬರೆದಿರುವುದು ಇದೇ. ಮಲೆನಾಡಿನವರು ಮುಖದ ಮೇಲೆ ಬೇಡ ಎನ್ನುವವರಲ್ಲ. ಬೇಡವೆನ್ನುವುದಕ್ಕೆ ಪಂಚಾಂಗ ಅವರ ಕೈಯಲ್ಲೇ ಇದೆ. ಆಷಾಢದಲ್ಲಿ ಹೊಸದು ಕೊಳ್ಳುವುದಿಲ್ಲ, ಮಳೆ ಬೇರೆ. ಶ್ರಾವಣದಲ್ಲಿ ಸಾಲು ಹಬ್ಬ. ಭಾದ್ರಪದದಲ್ಲಿ ಗಣಪತಿ, ಗಣಪತಿ ಮುಳುಗಿದರೆ ಪಿತೃಪಕ್ಷ. ನವರಾತ್ರಿ ಮುಗಿದರೆ ಭೂಮಿ ಹುಣ್ಣಿಮೆ, ಆಮೇಲೆ ದೀಪಾವಳಿ. ಕೊಯ್ಲು ಶುರುವಾದರೆ ಕೊನೆ, ಅಂದರೆ ಅಡಿಕೆ ಗೊನೆ, ತೆಗೆಯುವವರು ಸಿಕ್ಕ ದಿನವೇ ಹಬ್ಬ. ನಡುವೆ ಧನುರ್ಮಾಸ. ಆಮೇಲೆ ಮಕ್ಕಳ ಪರೀಕ್ಷೆ, ಮದುವೆ, ಉಪನಯನ, ಮತ್ತೆ ರೋಹಿಣಿ ಮಳೆ. ಮನಸ್ಸು ಮಾಡಿದರೆ ಒಂದು ಪಂಪು ಕೊಳ್ಳದೆ ಹತ್ತು ವರ್ಷ ದಾಟಬಹುದು.

ಹಾಗಾದರೆ ಯಾರದು ನಿಜ, ಯಾರದು ನೆಪ? ನನ್ನ ಅನುಭವದಲ್ಲಿ ಒಂದು ಗುರುತಿದೆ. ನಿಜವಾಗಿ ಕೊಳ್ಳುವವರು ಹಬ್ಬದ ಹೆಸರು ಹೇಳಿದ ಮೇಲೂ ಮಾತು ಮುಗಿಸುವುದಿಲ್ಲ. "ದೊಡ್ಡಹಬ್ಬ (ದೀಪಾವಳಿ) ಕಳೆಯಲಿ. ಅಂದ ಹಾಗೆ, ಅದರ ಬೆಲ್ಟು ಸಾಗರದಲ್ಲಿ ಸಿಗುತ್ತದೆಯೋ, ಶಿವಮೊಗ್ಗಕ್ಕೇ ಬರಬೇಕೋ?" ಬೆಲ್ಟು, ಬ್ಲೇಡು, ಸಿಂಗಲ್ ಫೇಸಿನಲ್ಲಿ ಓಡುತ್ತದೆಯೇ, ಗೋಟು (ಹಣ್ಣಾಗಿ ಒಣಗಿದ ಅಡಿಕೆ) ಸುಲಿಯುತ್ತದೆಯೇ ಎಂದು ಕೇಳಿದವರು ಮನಸ್ಸಿನಲ್ಲಿ ಯಂತ್ರವನ್ನು ಆಗಲೇ ಕೊಟ್ಟಿಗೆಯ ಪಕ್ಕ ಇಟ್ಟಿರುತ್ತಾರೆ. ಅವರಿಗೆ ಹಬ್ಬ ಕಳೆದು ಒಂದು ವಾರದೊಳಗೆ ಫೋನ್ ಹೋಗಲೇಬೇಕು, ಹೋಗದಿದ್ದರೆ ನಾವು ಅವರನ್ನು ಲೆಕ್ಕಕ್ಕಿಟ್ಟಿಲ್ಲವೆಂದಾಯಿತು. ಬರೀ "ನೋಡೋಣ" ಎಂದವರಿಗೆ ಒಂದೇ ಸಲ ಮಾಡಿ ಸುಮ್ಮನಾಗುತ್ತೇನೆ. ಅವರನ್ನು ಎರಡನೆಯ ಸಲ, ಮೂರನೆಯ ಸಲ ಕೇಳಿ ಹೊಸ ಹೊಸ ಹಬ್ಬಗಳನ್ನು ಹುಡುಕಿಸುವುದು ಇಬ್ಬರಿಗೂ ಶ್ರಮ.

2025ರ ಸೆಪ್ಟೆಂಬರ್ ತಿಂಗಳು ಈ ಕಾಯುವಿಕೆಗೆ ಒಳ್ಳೆಯ ಪರೀಕ್ಷೆ ಒಡ್ಡಿತು. ಸೆಪ್ಟೆಂಬರ್ 3ರಂದು ಜಿ.ಎಸ್.ಟಿ. ಮಂಡಳಿ ಅನೇಕ ಕೃಷಿ ಯಂತ್ರಗಳ ತೆರಿಗೆಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಿತು, ಜಾರಿ 22ರಿಂದ ಎಂದಿತು. 8ರಿಂದ 21ರವರೆಗೆ ಪಿತೃಪಕ್ಷ. 22 ನವರಾತ್ರಿಯ ಮೊದಲ ದಿನ. ಸರ್ಕಾರ ಪಂಚಾಂಗ ನೋಡಿ ದಿನ ಇಟ್ಟಿತೇ ಎಂದು ಅಂಗಡಿಯಲ್ಲಿ ತಮಾಷೆ ಮಾಡಿಕೊಂಡೆವು. ಪಕ್ಷದಲ್ಲಿ ಹೇಗೂ ಯಾರೂ ಕೊಳ್ಳುವುದಿಲ್ಲ, ಆದರೂ "ಹಬ್ಬದ ಮುಂಗಡ ರಿಯಾಯಿತಿ" ಎಂದು ಹೇಳಿ ಹಳೆಯ ತೆರಿಗೆಯಲ್ಲೇ ಬಿಲ್ ಮಾಡಿಸಿಕೊಳ್ಳಿ ಎಂಬ ಸೂಚನೆ ಒಂದೆರಡು ಕಡೆಯಿಂದ ಬಂತು. ನಾವು ಪುಸ್ತಕದಲ್ಲಿದ್ದ ಹೆಸರುಗಳಿಗೆಲ್ಲ ಫೋನ್ ಮಾಡಿದ್ದು ನಿಜ, ಹೇಳಿದ್ದು ಇಷ್ಟೇ: "ಈಗ ಬೇಡ ಭಟ್ಟರೇ, ಇಪ್ಪತ್ತೆರಡರ ಮೇಲೆ ಬನ್ನಿ, ದರ ಇಳಿಯುತ್ತದೆ." ಪಕ್ಷದ ನಡುವೆ ಫೋನ್ ಬಂದಿತೆಂದು ಮುಖ ಸಿಂಡರಿಸಲು ಹೊರಟವರೂ "ಹೌದೇನು?" ಎಂದು ಕೂತು ಮಾತಾಡಿದರು. ಮಾರುವವನು ಬೇಡ ಎನ್ನಲು ಫೋನ್ ಮಾಡಿದ್ದನ್ನು ಅವರು ಇನ್ನೂ ನೆನೆಸುತ್ತಾರೆ. ಪುಣ್ಯಕ್ಕೆ ಮಾಡಿದ್ದಲ್ಲ, ಎರಡು ವಾರ ಬಿಟ್ಟು ಪೇಪರಿನಲ್ಲಿ ಹೊಸ ದರ ನೋಡಿದವರು ಸುಮ್ಮನಿರುತ್ತಿದ್ದರೇ?

ಕಾನೂನು ಏನು ಹೇಳುತ್ತದೆ ಎಂದು ಕೆಲವರು ಕೇಳುತ್ತಾರೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2018ರಲ್ಲಿ ತಂದ ನಿಯಮಾವಳಿಯ ಪ್ರಕಾರ ಗ್ರಾಹಕರು 1909ಕ್ಕೆ ಫೋನ್ ಮಾಡಿಯೋ ಸಂದೇಶ ಕಳಿಸಿಯೋ ಜಾಹೀರಾತಿನ ಕರೆಗಳನ್ನು ಬೇಡವೆನ್ನಬಹುದು. ಯಾವ ಹೊತ್ತಿನಲ್ಲಿ ಬೇಡ, ವಾರದ ಯಾವ ದಿನ ಬೇಡ, ಸಾರ್ವಜನಿಕ ರಜಾದಿನಗಳಲ್ಲಿ ಬೇಡ ಎಂದು ಬಿಡಿಸಿ ಹೇಳುವುದಕ್ಕೂ ಅದರಲ್ಲಿ ಅವಕಾಶವಿದೆ. ಸಾಲ ವಸೂಲಿ ಮಾಡುವವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರರಿಗೆ ಫೋನ್ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಒಳ್ಳೆಯದೇ. ಆದರೆ ನಮ್ಮ ಅಂಗಡಿಯ ಫೋನುಗಳಿಗೆ ಇವೆಲ್ಲ ದೂರದ ಬೇಲಿ. ನಮ್ಮ ಗಿರಾಕಿ 1909ಕ್ಕೆ ದೂರು ಕೊಡುವುದಿಲ್ಲ. ಮುಂದಿನ ಸಲ ಎಪಿಎಂಸಿಗೆ ಬಂದಾಗ ನಮ್ಮ ಬಾಗಿಲು ದಾಟಿ ಮುಂದಿನ ಅಂಗಡಿಗೆ ಹೋಗುತ್ತಾರೆ, ಅಷ್ಟೇ.

ಕೊಯ್ಲಿನ ತಿಂಗಳುಗಳನ್ನು ನಾನು ರಜೆಯ ಪಟ್ಟಿಗೇ ಸೇರಿಸಿದ್ದೇನೆ. ನವೆಂಬರ್‌ನಿಂದ ಸಂಕ್ರಾಂತಿ ದಾಟುವ ತನಕ ಸಂಜೆಯ ಹೊತ್ತು ತೋಟದವರ ಮನೆಗೆ ಫೋನ್ ಮಾಡಿದರೆ ಏನಾಗುತ್ತದೆ ಎಂಬುದನ್ನು ಹೊಸನಗರದ ಹತ್ತಿರದ ಒಂದು ಮನೆಯಲ್ಲಿ ಕೂತು ನೋಡಿದ್ದೇನೆ. ಜಗಲಿಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದರು. ಎಲ್ಲರ ಬೆರಳುಗಳೂ ಚೊಗರಿನಿಂದ, ಅಂದರೆ ಹಸಿ ಅಡಿಕೆಯ ಒಗರು ರಸದಿಂದ, ಕರ್ರಗೆ, ಅಂಟು ಅಂಟು. ಯಜಮಾನರ ಫೋನ್ ಹೊಡೆದುಕೊಂಡಿತು. ಅವರು ಕೈ ಮೇಲೆತ್ತಿ ಮೊಮ್ಮಗನನ್ನು ಕೂಗಿದರು. ಹುಡುಗ ಓಡಿ ಬಂದು ಗುಂಡಿ ಒತ್ತಿ ಫೋನನ್ನು ಅಜ್ಜನ ಕಿವಿಗೆ ಹಿಡಿದು ನಿಂತ. ಆ ಕಡೆಯಿಂದ ಯಾರೋ ವಿಮೆಯ ಬಗ್ಗೆ ಬಹಳ ವಿವರವಾಗಿ ಹೇಳುತ್ತಿದ್ದರು. ಯಜಮಾನರು ಸಭ್ಯರು, ನಡುವೆ ಕತ್ತರಿಸಲಿಲ್ಲ. ಹುಡುಗ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಕೈ ನೋಯುತ್ತಿದೆ ಎಂದು ಕಣ್ಣಿನಲ್ಲೇ ಅಜ್ಜಿಗೆ ದೂರು ಹೇಳುತ್ತಿದ್ದ. ಅಷ್ಟು ಹೊತ್ತು ಕೇಳಿಸಿಕೊಂಡ ಯಜಮಾನರು ಕೊನೆಗೆ ಹೇಳಿದ್ದು, "ಆಯಿತು, ಕೊಯ್ಲು ಮುಗಿಯಲಿ, ನೋಡೋಣ."

ಸಾವಿನ ಮನೆಯ ವಿಷಯವನ್ನೂ ಹೇಳಿಬಿಡಬೇಕು. ಫೋನ್ ಎತ್ತಿದ ದನಿ ಬೇರೆಯಾಗಿದ್ದರೆ, ಹಿಂದೆ ಬಹಳ ಜನರ ಸದ್ದಿದ್ದರೆ, ಯಂತ್ರದ ಹೆಸರನ್ನೇ ಎತ್ತದೆ "ಆಮೇಲೆ ಮಾಡುತ್ತೇನೆ" ಎಂದು ಇಟ್ಟುಬಿಡುವುದು ಮೇಲು. ಸೂತಕ ಕಳೆದು, ಹದಿಮೂರರ ಊಟ ಮುಗಿದು, ತಿಂಗಳಾಗುವವರೆಗೆ ಆ ಹೆಸರಿನ ಮುಂದೆ ನಾನು ಏನೂ ಬರೆಯುವುದಿಲ್ಲ.

ಇದುವರೆಗೆ ಹೇಳಿದ ನಿಯಮಗಳೆಲ್ಲ ನಮ್ಮಿಂದ ಅವರ ಕಡೆಗೆ ಹೋಗುವ ಫೋನುಗಳಿಗೆ. ಅವರಿಂದ ನಮ್ಮ ಕಡೆಗೆ ಬರುವುದಕ್ಕೆ ಹಬ್ಬವೂ ಇಲ್ಲ, ರಾಹುಕಾಲವೂ ಇಲ್ಲ, ಇರಬಾರದು ಕೂಡ. 2024ರಲ್ಲಿ ಅಕ್ಟೋಬರ್ 31 ನರಕ ಚತುರ್ದಶಿ, ನವೆಂಬರ್ 1 ರಾಜ್ಯೋತ್ಸವ, 2 ಬಲಿಪಾಡ್ಯಮಿ, 3 ಭಾನುವಾರ. ಊರಿಗೆ ಊರೇ ರಜೆಯಲ್ಲಿತ್ತು. ಬಲಿಪಾಡ್ಯಮಿಯ ಬೆಳಿಗ್ಗೆ ರಿಪ್ಪನ್‌ಪೇಟೆ ಕಡೆಯ ಬೆಳೆಗಾರರೊಬ್ಬರ ಫೋನು: ಗೋಪೂಜೆ ಈಗಷ್ಟೇ ಆಯಿತು, ನಿನ್ನೆ ರಾತ್ರಿ ಸುಲಿಯುವ ಯಂತ್ರದ ಬೆಲ್ಟು ಹರಿದಿದೆ, ಅಂಗಳದಲ್ಲಿ ಕೊಯ್ದ ಕೊನೆ ರಾಶಿ ಬಿದ್ದಿದೆ. ಹಸಿ ಅಡಿಕೆ ಹಬ್ಬ ನೋಡಿಕೊಂಡು ಕಾಯುವುದಿಲ್ಲ; ಸುಲಿದು ಬೇಯಿಸುವುದು ತಡವಾದಷ್ಟೂ ಬಣ್ಣ ಕೆಡುತ್ತದೆ, ದರ ಬೀಳುತ್ತದೆ. ಅವರ ದನಿಯಲ್ಲಿ ಬಹಳ ಸಂಕೋಚವಿತ್ತು. "ಹಬ್ಬದ ದಿನ ತೊಂದರೆ ಕೊಡುತ್ತಿದ್ದೇನೆ" ಎಂದು ಮತ್ತೆ ಮತ್ತೆ ಹೇಳಿದರು.

ಮಾಲೀಕರಿಗೆ ಹೇಳಿ ಅಂಗಡಿಯ ಬೀಗದ ಕೈ ತಂದೆ. ಬೆಲ್ಟನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಊರಿನ ಹೆಸರು ಬರೆದು ಬಸ್ ನಿಲ್ದಾಣಕ್ಕೆ ಹೋದೆ. ಖಾಸಗಿ ಬಸ್ಸುಗಳು ಅವತ್ತು ಅರ್ಧಕ್ಕರ್ಧ ಇರಲಿಲ್ಲ. ಇದ್ದ ಒಂದರ ಕಂಡಕ್ಟರ್ ಹೂವಿನ ಹಾರ ಹಾಕಿದ ಮುಂಗಾಜಿನ ಕೆಳಗೆ ಕಟ್ಟನ್ನು ಇಟ್ಟುಕೊಂಡು, "ಎಲ್ಲಿ ಇಳಿಸಬೇಕು, ಯಾರು ಬರುತ್ತಾರೆ" ಎಂದಷ್ಟೇ ಕೇಳಿದ. ಮಧ್ಯಾಹ್ನ ಯಂತ್ರ ಓಡಿತು. ಹಣದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ; ಸೋಮವಾರ ಹತ್ತು ಗಂಟೆಗೆ ಅವರೇ ಕಳಿಸಿದರು. ಆ ಮನೆಯ ತಮ್ಮನಿಗೆ ಒಂದು ದೋಟಿ ಬೇಕಿದೆ ಎಂದು ಆಗಲೇ ಗೊತ್ತಾಗಿತ್ತು. ಅದರ ಬಗ್ಗೆ ಕೇಳಲು ಸಂಕ್ರಾಂತಿ ದಾಟಲಿ ಎಂದು ಪುಸ್ತಕದಲ್ಲಿ ಬರೆದಿಟ್ಟೆ.